ನಾನು ಫಾರ್ವರ್ಡ್ ಮಾಡಿದ ಫೋಟೊ

“ಇದು ನಾನೇ ಅಲ್ವಾ ಮಾರಾಯ?” ನನ್ನ ಮೊಬೈಲನ್ನು ಕಣ್ಣಿನ ಹತ್ತಿರ ಹಿಡಿದು ಅಪ್ಪ ಕೇಳಿದರು.

ಪಾಲಿಕೆ ಚುನಾವಣೆಯ ಪ್ರಚಾರ ನಡೆಯುತ್ತಿದ್ದ ದಿನಗಳು. ದೇರೆಬೈಲಿನ ನಮ್ಮ ಮನೆಯೆದುರು ಅಂಗಡಿ ಇಟ್ಟಿರುವ ಹಮೀದಾಕ, ಒಬ್ಬ ಮುದುಕರಿಗೆ ಕವರ್ ಕೊಡುತ್ತಿರುವ ಫೋಟೊ ವಾಟ್ಸ್‌ಆ್ಯಪಿಗೆ ಬಂದಿತ್ತು. ಕೆಳಗೆ ‘ಮತ ಖರೀದಿ ಶುರು’ ಎಂದು ಬರೆದಿತ್ತು. ಹಮೀದಾಕ ನನಗಾಗದ ಪಕ್ಷದವರು. ಹಿಂದೆಮುಂದೆ ನೋಡದೆ ಅದನ್ನು ವಾರ್ಡಿನ ಗ್ರೂಪಿಗೆ ಹಾಕಿ, ಅಪ್ಪನಿಗೂ ತೋರಿಸಿದ್ದೆ. ಫೋಟೊದಲ್ಲಿ ಮುದುಕರ ಬೆನ್ನು ಮಾತ್ರ ಕಾಣುತ್ತಿತ್ತು.

“ಆ ಕವರಲ್ಲಿ ಇದ್ದದ್ದು ನನ್ನ ಬಿಪಿ ಮಾತ್ರೆ. ಪೇಟೆಗೆ ಹೋದಾಗೆಲ್ಲ ಅವರೇ ತಂದುಕೊಡುವುದು” ಎಂದರು ಅಪ್ಪ.

ಗ್ರೂಪಿನಲ್ಲಿ ತಪ್ಪಾಯಿತೆಂದು ಬರೆದು ಅಂಗಡಿಗೆ ಓಡಿದೆ. ಹಮೀದಾಕ ಬಯ್ಯಲಿಲ್ಲ. “ನೀವು ಹಾಕಿದ್ದನ್ನು ಬೆಳಿಗ್ಗೆಯೇ ನೋಡಿದ್ದೇನೆ. ನಿಮ್ಮ ಅಪ್ಪನಿಗೆ ತೋರಿಸ್ಬೇಡಿ, ಪಾಪ, ಅವರಿಗೆ ಬೇಜಾರಾಗ್ತದೆ” ಎಂದರು. ಆ ಬೆನ್ನನ್ನು ಗುರುತಿಸಿದ್ದೇ ಅಪ್ಪ.

ಚುನಾವಣೆ ಮುಗಿದಿದೆ. ಈಗ ಅಪ್ಪನ ಮಾತ್ರೆ ನಾನೇ ತರುತ್ತೇನೆ. ದಿನಾ ಒಟ್ಟಿಗೆ ಕೂತು ಉಣ್ಣುವ ಅಪ್ಪನ ಗುರುತೂ ಸಿಗದಷ್ಟು ಸಿಟ್ಟು ನನ್ನೊಳಗಿತ್ತಲ್ಲ ಎಂಬ ನಾಚಿಕೆ ಮಾತ್ರ ಇನ್ನೂ ಹೋಗಿಲ್ಲ.