ಕಾಲರಿನಲ್ಲಿ ಸಿಕ್ಕ ಹೆಚ್ಚುವರಿ

ತೆರಿಗೆ ಕಚೇರಿಯಲ್ಲಿ ಅವನನ್ನು ಎಲ್ಲರೂ ‘ಸದರಿ’ ಎಂದೇ ಕರೆಯುತ್ತಿದ್ದರು. ಬರೆದ ಸಾಲುಸಾಲಿಗೂ ಒಂದು ‘ಸದರಿ’ ತುರುಕದಿದ್ದರೆ ಅವನಿಗೆ ಊಟ ಸೇರುತ್ತಿರಲಿಲ್ಲ. ಸದರಿ ಮನೆ, ಸದರಿ ಬಾಕಿ, ಸದರಿ ಮಾಲೀಕರು. ‘ಸದರಿ ಚಹಾಕ್ಕೆ ಸಕ್ಕರೆ ಸಾಲದು’ ಎಂದು ಬಾಯಿ ತಪ್ಪಿ ಅಂದ ದಿನ ಆ ಹೆಸರು ಗಟ್ಟಿಯಾಗಿ ಅಂಟಿಕೊಂಡಿತು. ಕೆಲಸಕ್ಕೆ ಸೇರಿ ಎರಡು ವರ್ಷವಾಗಿತ್ತು. ಸಂಬಳ ಇದ್ದಲ್ಲೇ ಇತ್ತು, ಹೊಟ್ಟೆಗೆ ಮಾತ್ರ ಬಡ್ತಿ ಸಿಗುತ್ತಿತ್ತು. ಆದರೂ ಕಾಗದ ಬರೆಯುವುದರಲ್ಲಿ ತನ್ನನ್ನು ಮೀರಿಸುವವರಿಲ್ಲ ಎಂದು ಅವನು ನಂಬಿದ್ದ. ಹಾಗೆ ನಂಬಿದವನು ಅವನೊಬ್ಬನೇ.

ತೆರಿಗೆ ಕಟ್ಟದೆ ವರ್ಷಗಟ್ಟಲೆ ಬಿಟ್ಟ ಆಸ್ತಿಯನ್ನು ಕಚೇರಿ ಹರಾಜು ಹಾಕುತ್ತಿತ್ತು. ಬಾಕಿಯನ್ನೂ ಖರ್ಚನ್ನೂ ಮುರಿದುಕೊಂಡ ಮೇಲೆ ಉಳಿದ ಹಣ ಹಳೆಯ ಮಾಲೀಕರದ್ದೇ. ಅವರು ಒಂದು ವರ್ಷದೊಳಗೆ ಬಂದು ಕೇಳಬೇಕು, ಇಲ್ಲವಾದರೆ ಅದು ಖಜಾನೆ ಸೇರುತ್ತದೆ. ಹಾಗೆಂದು ಅವರಿಗೆ ತಿಳಿಸುವುದು ಸದರಿಯ ಕೆಲಸ. ವಿಚಿತ್ರವೆಂದರೆ ಅವನ ಕಾಗದ ಓದಿ ಯಾರೂ ಬರುತ್ತಿರಲಿಲ್ಲ. ಜನಕ್ಕೆ ದುಡ್ಡಿನ ಮೇಲೆ ಇಷ್ಟೊಂದು ವೈರಾಗ್ಯವೇ ಎಂದು ಅವನು ಬೆರಗಾಗುತ್ತಿದ್ದ.

ಆ ವಾರ ಒಬ್ಬ ಟೈಲರಮ್ಮನ ಸರದಿ. ಅವಳ ತಂದೆ ಬಿಟ್ಟುಹೋದ ಖಾಲಿ ನಿವೇಶನದ ಬಿಲ್ಲುಗಳು ಸತ್ತ ತಂದೆಯ ಹೆಸರಿಗೇ, ಬಾಗಿಲೇ ಇಲ್ಲದ ಆ ವಿಳಾಸಕ್ಕೇ ಹೋಗಿ ಹೋಗಿ, ಕೊನೆಗೆ ನಿವೇಶನವೇ ಹೋಗಿತ್ತು. ಉಳಿದ ಹಣ ಸದರಿಯ ಎರಡು ವರ್ಷದ ಸಂಬಳದಷ್ಟಿತ್ತು. ಶುಕ್ರವಾರ ಸಂಜೆ ಐದಕ್ಕೆ ಗಡುವು. ಅವಳ ಅಂಗಡಿಯ ವಿಳಾಸ ಹುಡುಕಿ ಕಳಿಸಿದ ಮೂರು ಕಾಗದಕ್ಕೂ ಉತ್ತರವಿಲ್ಲ. ಕಾಗದ ಕಳಿಸಿದ ಮೇಲೆ ನಮ್ಮ ಕೆಲಸ ಮುಗಿಯಿತು ಅಂದರು ಮೇಡಂ, ಅವನ ಮೇಲಧಿಕಾರಿ. ಆದರೆ ಸದರಿಯ ಪ್ಯಾಂಟಿನ ಗುಂಡಿ ಒಂದೇ ಎಳೆಯ ಮೇಲೆ ಪ್ರಾಣ ಹಿಡಿದುಕೊಂಡಿತ್ತು. ಹೇಗೂ ಟೈಲರ್ ಬೇಕಿತ್ತಲ್ಲ ಎಂದು ಬುಧವಾರ ಮಧ್ಯಾಹ್ನ ಹೊರಟ.

ಅಂಗಡಿ ಒಂದು ಕಟ್ಟಡದ ಮೆಟ್ಟಿಲುಗಳ ಕೆಳಗಿನ ಗೂಡು. ಹಗಲಿನಲ್ಲೂ ಬಲ್ಬು ಉರಿಯುತ್ತಿತ್ತು. ಐವತ್ತರ ಆಸುಪಾಸಿನ ಹೆಂಗಸು ಸೂಜಿಯನ್ನು ಆ ಬೆಳಕಿಗೆ ಹಿಡಿದು, ಕಣ್ಣು ಕಿರಿದು ಮಾಡಿ ದಾರ ಪೋಣಿಸುತ್ತಿದ್ದಳು. ಮೂರನೆಯ ಸಲಕ್ಕೂ ದಾರ ಹೋಗಲಿಲ್ಲ. ಸದರಿ ತನ್ನ ಕಚೇರಿಯ ಹೆಸರು ಹೇಳಿದ. ಅವಳು ತಲೆಯೆತ್ತದೆ, ನೀವು ಹುಡುಕುವ ಹೆಂಗಸು ಊರಲ್ಲಿಲ್ಲ, ಮಗಳ ಮನೆಗೆ ಹೋಗಿದ್ದಾಳೆ ಅಂದಳು.

‘ಯಾವಾಗ ಬರ್ತಾರೆ?’

‘ಶುಕ್ರವಾರ ಐದು ಗಂಟೆ ಆದ್ಮೇಲೆ.’

ಸದರಿಗೆ ನಗು ಬಂತು. ಅಷ್ಟರಲ್ಲಿ ಗೋಡೆಯ ಮೊಳೆಗೆ ತೂಗುಹಾಕಿದ್ದ, ಬಟ್ಟೆ ಕತ್ತರಿಸಲು ಮಾಡಿಟ್ಟ ಕಾಗದದ ಅಳತೆಗಳು ಕಣ್ಣಿಗೆ ಬಿದ್ದವು. ಅಂಗಿಯ ಕಾಲರಿನ ಆಕಾರಕ್ಕೆ ಕತ್ತರಿಸಿದ ಒಂದು ಕಾಗದದ ಮೇಲೆ ಎರಡು ‘ಸದರಿ’ಗಳು ಎದ್ದು ಕಾಣುತ್ತಿದ್ದವು. ಹೆತ್ತವನಿಗೆ ಗುರುತು ಸಿಗದೆ ಇರುತ್ತದೆಯೇ. ಅವನು ಕೈಚಾಚಿ ಅದನ್ನು ತೆಗೆದುಕೊಂಡ.

ಇನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ ಎಂದು ಅವಳಿಗೂ ಅನ್ನಿಸಿರಬೇಕು. ‘ಜಾಗ ಮಾರ್ಕೊಂಡಿದ್ದು ಸಾಲ್ದು ಅಂತ ಹೆಚ್ಚುವರಿ ಬೇರೆ ಕೇಳ್ತೀರಲ್ಲಪ್ಪ,’ ಅಂದಳು. ‘ಎಲ್ಲಿಂದ ತರ್ಲಿ? ಅದಕ್ಕೇ ವಾಯಿದೆ ಮುಗೀಲಿ ಅಂತ ಸುಮ್ನಿದ್ದೆ.’

ಸದರಿ ಕಾಲರನ್ನು ತಿರುಗಿಸಿ ತಿರುಗಿಸಿ ಓದಿದ. ‘ಸದರಿ ಹೆಚ್ಚುವರಿ ಮೊತ್ತದ ಸಂಬಂಧ ತಾವು ಖುದ್ದು ಹಾಜರಾಗತಕ್ಕದ್ದು. ತಪ್ಪಿದಲ್ಲಿ ಸದರಿ ಮೊತ್ತವನ್ನು ಖಜಾನೆಗೆ ಜಮಾ ಮಾಡಿಕೊಳ್ಳಲಾಗುವುದು.’ ಕೊಡುವವರು ಯಾರು, ತೆಗೆದುಕೊಳ್ಳುವವರು ಯಾರು ಎಂಬ ಸುಳಿವು ಇಡೀ ಕಾಗದದಲ್ಲಿರಲಿಲ್ಲ. ಇಂಥದ್ದು ತನಗೆ ಬಂದಿದ್ದರೆ ತಾನೂ ಮಗಳ ಮನೆಗೆ ಹೋಗುತ್ತಿದ್ದೆ, ಮಗಳಿಲ್ಲದಿದ್ದರೂ, ಎಂದುಕೊಂಡ.

‘ಅಮ್ಮಾ, ಇದು ನೀವು ಕೊಡೋದಲ್ಲ. ನಾವು ನಿಮಗೆ ಕೊಡೋದು.’

ಅವಳು ಸೂಜಿ ಕೆಳಗಿಟ್ಟಳು. ಎಷ್ಟು ಎಂದು ಕೇಳಿದಳು. ಅವನು ಹೇಳಿದ. ಅವಳು ಮೊದಲು ಬಲ್ಬನ್ನು ನೋಡಿದಳು, ಆಮೇಲೆ ಅವನನ್ನು.

‘ಹಾಗಂತ ನೆಟ್ಟಗೆ ಬರೀಬಾರ್ದಾ? ಬರೆದ ಪುಣ್ಯಾತ್ಮ ಯಾರು?’

‘ಯಾರೋ ಹೊಸಬ ಇರ್ಬೇಕು ಬಿಡಿ,’ ಅಂದ ಸದರಿ.

ಹಣ ಕೇಳುವ ಅರ್ಜಿಯ ಜೊತೆ ಕಚೇರಿಯ ಮೂಲ ಕಾಗದ ಇರಲೇಬೇಕು ಎಂಬುದು ನಿಯಮ. ಮೊದಲೆರಡು ಕಾಗದ ಕಸದ ಬುಟ್ಟಿ ಕಂಡಿದ್ದವು. ಮೂರನೆಯದು ದಪ್ಪಗಿತ್ತೆಂದು ಅವಳು ಅದನ್ನು ಮೂರು ತುಂಡಾಗಿ ಕತ್ತರಿಸಿ ಅಳತೆಗೆ ಇಟ್ಟುಕೊಂಡಿದ್ದಳು. ಕಾಲರು ಕೈಯಲ್ಲಿತ್ತು, ತೋಳಿನ ಪಟ್ಟಿ ಡಬ್ಬಿಯಲ್ಲಿ ಸಿಕ್ಕಿತು, ಮೊಹರು ಇದ್ದ ಜೇಬು ಮಾತ್ರ ಬಟ್ಟೆಯ ಗಂಟನ್ನೆಲ್ಲ ಬಿಚ್ಚಿ ಕೊಡವಿದ ಮೇಲೆ ಉದುರಿತು. ಸದರಿ ಗೋಂದು ತರುತ್ತೇನೆ ಅಂದ. ಅವಳು ಯಾಕೆ ಎಂಬಂತೆ ನೋಡಿ, ಮೂರನ್ನೂ ಒಂದು ಹಾಳೆಯ ಮೇಲಿಟ್ಟು ಮಿಷನ್ನಿನಲ್ಲಿ ಹೊಲಿದೇಬಿಟ್ಟಳು.

ಶುಕ್ರವಾರ ನಾಲ್ಕೂವರೆಗೆ ಮೇಡಂ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ಇದಕ್ಕೆ ಮೊಹರು ಹಾಕಬೇಕೋ ಇಸ್ತ್ರಿ ಮಾಡಬೇಕೋ ಎಂದು ಕೇಳಿದರು. ಮೊಹರನ್ನೇ ಹಾಕಿದರು. ತಿಂಗಳೊಳಗೆ ಹಣ ಬಂತು. ಟೈಲರಮ್ಮ ಬೀದಿಗೆ ದೊಡ್ಡ ಕಿಟಕಿಯಿರುವ ಅಂಗಡಿ ಹಿಡಿದಳು.

ಸದರಿ ಹೊಸ ಕಾಗದ ಬರೆದ: ‘ನಿಮ್ಮ ಹಣ ನಮ್ಮಲ್ಲಿದೆ. ನೀವು ಏನೂ ಕೊಡಬೇಕಾಗಿಲ್ಲ. ಬಂದು ತೆಗೆದುಕೊಂಡು ಹೋಗಿ.’ ಮೇಡಂ ಓದಿ, ಕಚೇರಿಯ ಕಾಗದ ಅನ್ನಿಸುವುದಕ್ಕಾದರೂ ಒಂದು ಸದರಿ ಹಾಕು ಅಂದರು. ಒಂದು ಹಾಕಿದ. ಜನ ಬರತೊಡಗಿದರು.

ಗುಂಡಿ ಹಾಕಲು ಕೊಟ್ಟಿದ್ದ ಪ್ಯಾಂಟು ತರಲು ಸದರಿ ಹೋದಾಗ ಟೈಲರಮ್ಮ ಕಿಟಕಿಯ ಬಿಸಿಲಿನಲ್ಲಿ ಕೂತು, ಒಂದೇ ಸಲಕ್ಕೆ ದಾರ ಪೋಣಿಸಿ, ಅವನು ನೋಡಿದನೋ ಇಲ್ಲವೋ ಎಂದು ಖಾತ್ರಿ ಮಾಡಿಕೊಂಡಳು. ಹೊಲಿಗೆಯ ದುಡ್ಡು ಮುಟ್ಟಲಿಲ್ಲ.

‘ಸೊಂಟದಲ್ಲಿ ಎರಡು ಬೆರಳು ಹೆಚ್ಚುವರಿ ಬಿಟ್ಟಿದ್ದೀನಿ, ಹೊಸಬಾ,’ ಅಂದಳು. ‘ಇದು ನಾನು ಕೊಡೋದು. ನೀನಲ್ಲ.’