ಭುಜದ ಮೇಲಿನ ಬೆರಳುಗಳು

ನಿನ್ನೆ ಸೊಸೆ ಮೊಬೈಲಿನಲ್ಲಿ ನನ್ನದೊಂದು ಫೋಟೋವನ್ನು ಹೀಗೆ ಮುಟ್ಟಿದಳು, ಹಿಂದಿದ್ದ ಗೋಡೆ, ಕಿಟಕಿ ಎಲ್ಲ ಮಾಯ. ಅವಳು ಹಿಗ್ಗಿದಳು. ನಾನು ಕನ್ನಡಕ ಏರಿಸಿಕೊಂಡು ಅಂಚು ನೋಡತೊಡಗಿದೆ. ಫೋಟೋದ ಅಂಚು ಕಂಡರೆ ಅನುಮಾನಪಡುವುದು ನನ್ನ ಹಳೆಯ ಚಾಳಿ, ನಿಮ್ಮಿಂದ ಮುಚ್ಚಿಡುವುದೇನು.

ತೊಂಬತ್ತರ ದಶಕದ ಕೊನೆಗೆ ಪಣಜಿಯ ಒಂದು ಸ್ಟುಡಿಯೋದಲ್ಲಿ ಕಂಪ್ಯೂಟರ್ ಮುಂದೆ ಕೂರುತ್ತಿದ್ದೆ. ಧಾರವಾಡದ ಕಿರಾಣಿ ಮನೆತನದವನು, ತಕ್ಕಡಿ ಹಿಡಿಯಬೇಕಾದ ಕೈಗೆ ಮೌಸ್ ಬಂದಿತ್ತು. ಫೋಟೋದಲ್ಲಿನ ಮನುಷ್ಯನ ಸುತ್ತ ಚುಕ್ಕಿ ಇಟ್ಟು, ನಡುವಿನ ಗೆರೆ ಬಾಗಿಸಿ, ಪೂರ್ತಿ ಒಂದು ಸುತ್ತು ಬರುವುದು ನನ್ನ ಕೆಲಸ. ಅದಕ್ಕೆ ಪಾಥ್ ಎನ್ನುತ್ತಿದ್ದೆವು. ಗೆರೆಯೇನೋ ಚೂಪು. ಆದರೆ ಒಳಗಿನದನ್ನು ಆಯ್ದುಕೊ ಎಂದಾಗ ಯಂತ್ರ, ಅಂಚು ಎಷ್ಟು ಮೆತ್ತಗಿರಲಿ ಎಂದು ಕೇಳುತ್ತಿತ್ತು. ಸೊನ್ನೆ ಎನ್ನಬೇಕು, ಅಂಚು ನಯ ಮಾಡುವ ಟಿಕ್ಕನ್ನೂ ತೆಗೆಯಬೇಕು. ಮರೆತರೆ ಹಿಂದಿನ ಗಿರಾಕಿಯ ಫೋಟೋಗೆ ಕೊಟ್ಟ ಅಂಕಿಯನ್ನೇ ಹಿಡಿದುಕೊಂಡು ಎಲ್ಲ ಮಬ್ಬು ಮಾಡುತ್ತಿತ್ತು. ಆ ಯಂತ್ರವನ್ನು ನಾನು ಎಂದೂ ನಂಬಲಿಲ್ಲ.

ಒಂದು ಮಧ್ಯಾಹ್ನ ಪಣಜಿ ಪಕ್ಕದ ಚಿಂಬಲ್‌ನಿಂದ ಹಸೀನಾಬಿ ಬಂದರು. ವಿಜಾಪುರದ ಕಡೆಯವರು, ಗಂಡ ಸಾಂಕೋಲೆಯಲ್ಲಿ ಲಾರಿ ಓಡಿಸುತ್ತಿದ್ದರು. ಮಗಳು ಶಬಾನಾಳಿಗೆ ಊರ ಕಡೆಯಿಂದ ಸಂಬಂಧ ಬಂದಿತ್ತು, ಗಂಡಿನವರು ಫೋಟೋ ಕೇಳಿದ್ದರು. ಇವರು ತಂದ ಫೋಟೋ ನಟ್ಟನಡುವೆ ಮಡಚಿತ್ತು.

"ಹುಡುಗಿ ಒಬ್ಬಾಕೀನ ತೆಗೀರಿ. ಹಿಂದ ನೀಲಿ ಬಣ್ಣ ಹಾಕ್ರಿ. ಮಡಚಿದ್ದು ಮಾತ್ರ ಬಿಚ್ಚಬ್ಯಾಡ್ರಿ."

ಬಿಚ್ಚಬೇಡಿ ಎಂದ ಮೇಲೆ ನನ್ನಂಥವನಿಗೆ ನೆಮ್ಮದಿ ಎಲ್ಲಿಯದು? ಹುಡುಗಿಯ ಭುಜದ ಮೇಲೆ ಯಾರದೋ ಬೆರಳುಗಳು ಬೇರೆ. ಗಂಡಸಿನವೇ ಎಂದು ಮನಸ್ಸಿನಲ್ಲೇ ತೀರ್ಪು ಕೊಟ್ಟು, ಕಾಣದ ವರನ ಮೇಲೆ ಮರುಕಪಟ್ಟೆ. ಫೋಟೋವನ್ನು ಬೆಳಕಿಗೂ ಹಿಡಿದೆ. ಏನೂ ಕಾಣಲಿಲ್ಲ. ಮಡಚಿದ್ದನ್ನೇ ಸ್ಕ್ಯಾನ್ ಮಾಡಿ, ಭುಜವನ್ನು ಕೊಂಚ ಒಳಗೆ ತೆಗೆದುಕೊಂಡು ಬೆರಳುಗಳನ್ನು ಗೆರೆಯಾಚೆ ಬಿಟ್ಟೆ. ಅನುಮಾನದ ಗುಂಗಿನಲ್ಲಿ ಸೊನ್ನೆ ಹಾಕುವುದು ಮರೆತೇಹೋಯಿತು.

ಮರುದಿನ ಹಸೀನಾಬಿ ಮಗಳನ್ನೂ ಕರೆದುಕೊಂಡು ಬಂದರು. ಪ್ರಿಂಟಿನಲ್ಲಿ ಭುಜದ ಸುತ್ತ ಮಬ್ಬು, ಮಬ್ಬಿನೊಳಗೆ ಬೆರಳ ತುದಿಗಳು. ತಾಯಿಯ ಮುಖ ಬಿಳಿಚಿತು.

"ಇನ್ನೂ ಕಾಣಾಕತ್ತೈತಲ್ರಿ! ಅವರು ಭಾಳ ಸಂಶಯದ ಮಂದಿ. ಯಾರ ಕೈ ಅಂದ್ರ ಏನ್ ಹೇಳ್ಲಿ? ಚೂರೂ ಉಳೀದಂಗ ಕತ್ತರಿಸ್ರಿ."

ಕೂತಲ್ಲೇ ಮತ್ತೆ ಮಾಡಿದೆ. ಈ ಸಲ ಸೊನ್ನೆ. ಅಂಚು ತಗಡು ಕತ್ತರಿಸಿದ ಹಾಗೆ ಬಂತು, ಬೆರಳುಗಳ ಸುಳಿವೇ ಇಲ್ಲ. ನಾನು ಬೀಗುತ್ತಿರುವಾಗಲೇ ಶಬಾನಾ ಮೇಜಿನ ಮೇಲಿದ್ದ ಹಳೆಯ ಫೋಟೋ ತೆಗೆದುಕೊಂಡು ಮಡಿಕೆ ಬಿಚ್ಚಿಟ್ಟಳು. ಆ ಬದಿಗೆ, ತಂಗಿಯ ಭುಜದ ಮೇಲೆ ಕೈಯಿಟ್ಟು ನಿಂತ ಅಕ್ಕ. ಮುಖದ ಮೇಲೆಲ್ಲ ತೊನ್ನಿನ ಬಿಳಿ ಮಚ್ಚೆ, ಬಾಯಿ ತುಂಬ ನಗು.

"ಅಕ್ಕನ್ನ ಮುಚ್ಚಿಟ್ಟು ನಾ ಹೋಗಂಗಿಲ್ಲಮ್ಮಾ. ಇದನ್ನ ಕಳಸು. ಒಲ್ಲೆ ಅನ್ನೂದಿದ್ರ ಈಗ ಅನ್ಲಿ."

ತಾಯಿ ಅಳತೊಡಗಿದರು. ನಾನು ಕಲ್ಪಿಸಿಕೊಂಡಿದ್ದ ಗಂಡಸು ಎಲ್ಲಿ ಅಡಗಿದನೋ, ನನಗೆ ತಲೆ ಎತ್ತಲಾಗಲಿಲ್ಲ. ಮಡಿಕೆಯ ಗುರುತು ಅಳಿಸಿ ಇಡೀ ಫೋಟೋವನ್ನೇ ಪ್ರಿಂಟ್ ಹಾಕಿಕೊಟ್ಟೆ.

ಅಂಚಿನ ಬಗ್ಗೆ ಸೊಸೆಗೆ ಪಾಠ ಹೇಳಲು ಹೊರಟವನು ಅವಳಿಗೆ ಈ ಕಥೆಯನ್ನೇ ಹೇಳಿಬಿಟ್ಟಿದ್ದೆ. ಅವಳು ಮೊಬೈಲ್ ಕೆಳಗಿಟ್ಟಳು.

"ಗಂಡಿನವರು ಏನಂದ್ರು ಮಾವಾ?"

ಕೆಲವು ವಾರಗಳ ಮೇಲೆ ಹಸೀನಾಬಿ ಒಬ್ಬರೇ ಬಂದಿದ್ದರು. ನಾನೂ ಇದನ್ನೇ ಕೇಳಿದ್ದೆ.

"ಒಲ್ಲೆ ಅಂದ್ರು ರೀ," ಎಂದು ಸೆರಗಿನಿಂದ ಬೆವರು ಒರೆಸಿಕೊಂಡರು. "ಬ್ಯಾರೆ ಕಡಿಂದ ಕೇಳಾಕತ್ತಾರ. ಅದ ಫೋಟೋ ಇನ್ನೊಂದು ಕೊಡ್ರಿ. ಇಬ್ರೂ ಇರೂದು."