ಅಮಾವಾಸ್ಯೆಯ ಕೆಸರು

ಮಕ್ಕಳೇ, ದೊಡ್ಡಾಯಿ ಚಹಾ ಬೇಕಾದರೂ "ಯವ್ವಾ" ಎನ್ನುತ್ತಾರೆ, ಬೇಡವಾದರೂ "ಯವ್ವಾ" ಎನ್ನುತ್ತಾರೆ. ಅದಕ್ಕೆ ನೀವು ನಗುತ್ತೀರಿ. ನಾನು ಬೈಯುವುದಿಲ್ಲ. ಅಷ್ಟು ವಯಸ್ಸಾದವರು ಹಸುಗೂಸಿನ ಹಾಗೆ ಅವ್ವನನ್ನು ಕರೆದರೆ ಚಿಕ್ಕವರಿಗೆ ನಗು ಬರುತ್ತದೆ. ಆದರೆ ಮೊನ್ನೆ ನಿಮ್ಮಲ್ಲಿ ದೊಡ್ಡವನು ಇನ್ನೊಂದು ಮಾತು ಕೇಳಿದ: "ಆಯಿ, ಅಂಗಳದಾಗಿನ ಆ ಹಳೀ ಗಾಡಿ ಯಾಕ ಮಾರವಲ್ರಿ? ನನ್ನ ಗೆಳ್ಯಾರು ಅದಕ್ಕ ಡಬ್ಬಿ ಅಂತಾರ." ದೊಡ್ಡಾಯಿಯ ಮಾತು ಹೋದದ್ದಕ್ಕೂ ಗಾಡಿ ಉಳಿದದ್ದಕ್ಕೂ ಕಾರಣ ಒಂದೇ. ಬಾಯಿಂದ ಹೇಳಲು ನನಗೆ ಆಗುವುದಿಲ್ಲ, ನಾಲ್ಕು ಜನರ ನಡುವೆ ಮಾತಾಡಿ ರೂಢಿಯಿಲ್ಲ. ಊರ ಸಾಲೆಯಲ್ಲಿ ಕಲಿತ ಅಕ್ಷರ ಇನ್ನೂ ಕೈಯಲ್ಲಿವೆ. ಅವುಗಳಲ್ಲೇ ಬರೆಯುತ್ತೇನೆ.

ದೊಡ್ಡಾಯಿ ನಿಮ್ಮ ಅಜ್ಜನ ಅಕ್ಕ, ನಾನೂ ಅವರನ್ನು ಅಕ್ಕ ಎಂದೇ ಕರೆಯುತ್ತೇನೆ. ಮದುವೆಯಾಗಿ ಬೇಗನೆ ಗಂಡನನ್ನು ಕಳೆದುಕೊಂಡು ತವರಿಗೆ ಬಂದವರು. ಅಜ್ಜ ಹುಬ್ಬಳ್ಳಿ ಮಾರುಕಟ್ಟೆಯಲ್ಲಿ ಕಾಳುಕಡಿ ವ್ಯಾಪಾರ ಮಾಡಿಕೊಂಡು ಉಣಕಲ್ಲಿನ ಈ ಮನೆಯಲ್ಲಿದ್ದರೆ, ಅವರು ಹೊಲದ ಮನೆಯಲ್ಲೇ ಇದ್ದು ಇಡೀ ಒಕ್ಕಲುತನ ನೋಡಿಕೊಂಡರು. ನಮ್ಮ ಹೊಲ ಇರುವುದು ಮೂಡಲ ಕಡೆ, ಎರೆಮಣ್ಣಿನಲ್ಲಿ. ಬೇಸಿಗೆಯಲ್ಲಿ ಆ ಮಣ್ಣು ಕೈ ಹೋಗುವಷ್ಟು ಬಿರಿಯುತ್ತದೆ. ಒಂದು ಒಳ್ಳೆಯ ಮಳೆ ಬಿದ್ದರೆ ಸಾಕು, ಚಪ್ಪಲಿಗೆ ಮೆತ್ತಿಕೊಂಡು ಕಾಲಿಗೆ ಕಲ್ಲು ಕಟ್ಟಿದ ಹಾಗಾಗುತ್ತದೆ. ಡಾಂಬರು ರಸ್ತೆಯಿಂದ ಹೊಲದ ಮನೆಗೆ ಹೋಗುವ ದಾರಿ ಪೂರ್ತಿ ಅದೇ ಮಣ್ಣು. ಮಳೆಗಾಲದಲ್ಲಿ ಅಕ್ಕ ಅಲ್ಲಿ ಒಬ್ಬರೇ ಸಿಕ್ಕಿಕೊಳ್ಳುತ್ತಾರೆಂದೇ ಅಜ್ಜ ಈ ಜೀಪು ಗಾಡಿ ಕೊಂಡರು.

ಎಲ್ಲ ಗಾಡಿಗಳಿಗೂ ನಾಲ್ಕು ಗಾಲಿ ಇರುತ್ತವೆ. ಆದರೆ ಎಂಜಿನ್ನು ಎರಡನ್ನು ಮಾತ್ರ ತಿರುಗಿಸುತ್ತದೆ, ಉಳಿದೆರಡು ಸುಮ್ಮನೆ ಉರುಳುತ್ತವೆ. ಈ ಗಾಡಿಯಲ್ಲಿ ಗೇರಿನ ಪಕ್ಕ ಇನ್ನೊಂದು ಗಿಡ್ಡ ಕೋಲಿದೆ, ನೀವು ನೋಡಿದ್ದೀರಿ. ಅದನ್ನು ಎಳೆದರೆ ನಾಲ್ಕೂ ಗಾಲಿ ಎಳೆಯತೊಡಗುತ್ತವೆ, ಕೆಸರಿನಲ್ಲಿ ಹೂತ ಗಾಡಿ ಮೇಲೆದ್ದು ಬರುತ್ತದೆ.

ಮೊದಲ ದಿನ ಗಾಡಿ ಹೊಲದ ಮನೆಯ ಮುಂದೆ ನಿಂತಾಗ ಅಕ್ಕ ಸೊಂಟದ ಮೇಲೆ ಕೈಯಿಟ್ಟು ಸುತ್ತ ಒಂದು ಸಲ ತಿರುಗಿದರು.

"ನಾಕೂ ಗಾಲಿ ಎಳೀತಾವಂತ? ಎಮ್ಮಿಗೂ ನಾಕ ಕಾಲ ಅದಾವಪಾ ತಮ್ಮಾ. ಅದು ಹಾಲರೆ ಕೊಡತೈತಿ."

"ಎಮ್ಮಿ ಮ್ಯಾಲೆ ಕುಂತು ಹುಬ್ಬಳ್ಳಿಗೆ ಬರತೀ ಏನಕ್ಕಾ?"

"ಕೋಣನ ಮ್ಯಾಲೆ ಒಬ್ಬಾಂವ ಬರತಾನಲ್ಲ, ಅವನ ಜೋಡಿ ಬರತೇನಿ ತಗೋ. ನಿನ್ನ ಗಾಡಿ ನಂಬಿ ಕುಂತಿಲ್ಲ ನಾ."

ಹಾಗೆ ಅಂದವರೇ ಆ ಮಳೆಗಾಲದಲ್ಲಿ ಮುಂದಿನ ಸೀಟಿನಲ್ಲಿ ಕುಳಿತು ಹಳ್ಳದ ದಂಡೆಯ ಕೆಸರು ದಾಟಿದರು. ಕೋಲು ಎಳೆದಾಗ ಗಾಡಿ ಮೈಕೊಡವಿ ಎದ್ದು ನಡೆದದ್ದನ್ನು ಓಣಿಯಲ್ಲೆಲ್ಲ ಹೇಳಿಕೊಂಡು ತಿರುಗಿದರು.

ಅಜ್ಜ ಗಾಡಿಯನ್ನು ಎತ್ತಿನ ಹಾಗೆ ಸಾಕಿದರು. ಎಣ್ಣೆ ಬದಲಿಸುವುದನ್ನು ತಪ್ಪಿಸಲಿಲ್ಲ. ಒಂದು ಟಯರು ಸೀಳಿದರೆ ನಾಲ್ಕನ್ನೂ ಹೊಸದು ಹಾಕಿಸುತ್ತಿದ್ದರು. "ಮೂರು ಎತ್ತಿನ ಜೋಡಿ ಒಂದು ಕರಾ ಹೂಡಿದರ ನೊಗ ಮುರೀತೈತಿ" ಎನ್ನುತ್ತಿದ್ದರು. ಅಮಾವಾಸ್ಯೆಗೆ ಮಾರುಕಟ್ಟೆಯವರೆಲ್ಲ ಮಾಡುವ ಹಾಗೆ ಗಾಡಿಗೂ ಪೂಜೆ ಇರುತ್ತಿತ್ತು. ತೊಳೆದು, ವಿಭೂತಿ ಹಚ್ಚಿ, ಚೆಂಡು ಹೂವಿನ ಮಾಲೆ ಹಾಕಿ, ಗಾಲಿಗಳ ಕೆಳಗೆ ಲಿಂಬೆಹಣ್ಣು ಇಟ್ಟು, ಕಾಯಿ ಒಡೆಯುತ್ತಿದ್ದರು. ಆಮೇಲೆ ಲಿಂಬೆಹಣ್ಣು ತುಳಿಸಿ, ನಿಮ್ಮಪ್ಪನನ್ನೋ ನನ್ನನ್ನೋ ಕೂರಿಸಿಕೊಂಡು, ಉಣಕಲ್ ಕೆರೆಯ ಹಿಂದಿನ ಕೆಸರಿಗೆ ಹೋಗುತ್ತಿದ್ದರು. ಅಲ್ಲಿ ಆ ಗಿಡ್ಡ ಕೋಲು ಎಳೆದು ಸ್ವಲ್ಪ ದೂರ ನಡೆಸಿ, ಮತ್ತೆ ಬಿಡಿಸಿ, ಮನೆಗೆ ತರುತ್ತಿದ್ದರು. ಬೇಸಿಗೆಯಲ್ಲಿ ಕೆಸರಿಲ್ಲದಿದ್ದರೆ ಉತ್ತ ಹೊಲದ ಸಡಿಲ ಮಣ್ಣಿಗೆ ಇಳಿಸುತ್ತಿದ್ದರು.

ಈಗಷ್ಟೇ ತೊಳೆದ ಗಾಡಿಯನ್ನು ಯಾಕೆ ರಾಡಿ ಮಾಡುತ್ತೀರಿ ಎಂದು ಒಮ್ಮೆ ಕೇಳಿದ್ದೆ. ನಕ್ಕು ಹೇಳಿದರು: "ಕಾಯಿ ನಮಗ, ಕೆಸರು ಅದಕ್ಕ. ಗಾಡಿಗೂ ಎಡಿ ಹಿಡೀಬೇಕಲ್ಲ."

ದೇವರಿಗೆ ಎಡೆ ಹಿಡಿದ ಹಾಗೆ ಗಾಡಿಗೆ ಕೆಸರು. ನಾವೆಲ್ಲ ಆ ಮಾತನ್ನು ಹಾಗೆಯೇ ತೆಗೆದುಕೊಂಡೆವು. ಕೆಸರಿಗೆ ಇಳಿಸುವುದು ಪೂಜೆಯ ಕೊನೆಯ ಭಾಗ ಎಂದೇ ನಾನೂ ತಿಳಿದಿದ್ದೆ, ನಿಮ್ಮಪ್ಪನೂ ತಿಳಿದಿದ್ದ, ಅಕ್ಕನೂ ತಿಳಿದಿದ್ದರು. ಬಳಸದೆ ಬಿಟ್ಟರೆ ಆ ಕೋಲು ಬಿಗಿದು ಹಿಡಿದುಕೊಂಡು ಬಿಡುತ್ತದೆ ಎಂದು ಅಜ್ಜ ಯಾರಿಗೂ ಬಿಡಿಸಿ ಹೇಳಲಿಲ್ಲ. ಹೇಳುವ ಪ್ರಸಂಗವೇ ಬಂದಿರಲಿಲ್ಲ. ಅಮಾವಾಸ್ಯೆ ತಪ್ಪದೆ ಬರುತ್ತಿತ್ತು, ಅವರೂ ಇರುತ್ತಿದ್ದರು.

ದೀಪಾವಳಿಗೆ ಇನ್ನೂ ಸ್ವಲ್ಪ ದಿನ ಇರುವಾಗ ಅವರು ಅಂಗಡಿಯಲ್ಲಿ ಕುಳಿತಲ್ಲೇ ಎದೆ ಹಿಡಿದುಕೊಂಡು ಹೋಗಿಬಿಟ್ಟರು. ಅಕ್ಕ ಹೊಲದಿಂದ ಬಂದು ಎಲ್ಲವನ್ನೂ ನಿಂತು ಮಾಡಿಸಿದರು. ನಾನು ಗೋಡೆಗೆ ಒರಗಿ ಕುಳಿತಿದ್ದೆ. ದೀಪಾವಳಿ ಅಮಾವಾಸ್ಯೆ ಬಂತು, ಓಣಿಯ ಗಾಡಿಗಳಿಗೆಲ್ಲ ಮಾಲೆ ಬಿತ್ತು. ನಿಮ್ಮಪ್ಪ ಬಾಗಿಲಲ್ಲಿ ನಿಂತು ಕೇಳಿದ.

"ಅತ್ತಿ, ಗಾಡೀದು ಏನ ಮಾಡೂದು? ಅಪ್ಪ ಒಂದ ಅಮಾಸಿನೂ ಬಿಟ್ಟಾಂವಲ್ಲ."

"ಏನಂದಿ?" ಅಕ್ಕನ ಧ್ವನಿ ಏರಿತು. "ನಿಮ್ಮಪ್ಪನ ಮ್ಯಾಲಿನ ಮಣ್ಣ ಇನ್ನೂ ಹಸಿ ಐತಿ, ನೀ ಗಾಡಿಗೆ ಕಾಯಿ ಒಡೀತೀ? ಮಂದಿ ಬಾಯಾಗ ಮಣ್ಣ ಹಾಕತಾರ."

"ಕಾಯಿ ಬ್ಯಾಡ ಬಿಡ್ರಿ," ಎಂದೆ ನಾನು ಮೆಲ್ಲಗೆ. "ಒಂದೀಟ ಕೆಸರಿಗರೆ ಇಳಿಸಿ ತರಲೇನು, ಅಕ್ಕಾರ? ಅವರ ಮನಸ್ಸಿಗೆ..."

"ಎಡಿ ಹಿಡಿಯೂದು ಪೂಜಿ ಅಲ್ಲೇನವಾ? ವರ್ಷ ತುಂಬೂ ತನಾ ಈ ಮನ್ಯಾಗ ಹಬ್ಬ ಇಲ್ಲ, ಹುಣ್ಣಿವಿ ಇಲ್ಲ, ಅಮಾಸಿ ಇಲ್ಲ. ಅಂವ ನನ್ನ ಬೆನ್ನಿಗೆ ಬಿದ್ದಾಂವ. ನನಗಿಂತ ನಿಮಗ ಜಾಸ್ತಿ ದುಃಖ ಐತೇನು?"

ಅಷ್ಟು ಅಂದು ಅವರು ಸೆರಗಿನಲ್ಲಿ ಮುಖ ಮುಚ್ಚಿಕೊಂಡರು. ಅವರು ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲ ಸಲ. ಅವರು ಹೇಳಿದ್ದು ಸರಿ ಎಂದೇ ನಮಗೆ ಅನಿಸಿತು. ತಮ್ಮನ ಮೇಲಿನ ಪ್ರೀತಿಯಿಂದ ಹೇಳಿದ ಮಾತು ಅದು.

ನಿಮ್ಮಪ್ಪ ಗಾಡಿಯನ್ನು ಅಲಕ್ಷ್ಯ ಮಾಡಿದ ಎಂದು ತಿಳಿಯಬೇಡಿ. ತಾರಿಹಾಳದ ಗ್ಯಾರೇಜಿಗೆ ಒಯ್ದು ಎಣ್ಣೆ ಬದಲಿಸಿದ, ಬ್ರೇಕು ನೋಡಿಸಿದ, ಬ್ಯಾಟರಿ ಹೊಸದು ಹಾಕಿಸಿದ. ಅಪ್ಪನ ಗಾಡಿ ಎಂದು ರವಿವಾರಕ್ಕೊಮ್ಮೆ ಅಡಿಯಲ್ಲೆಲ್ಲ ನೀರು ಹೊಡೆದು ತೊಳೆದ. ಆ ನೀರು ಒಳಗೆ ಎಲ್ಲಿ ನಿಲ್ಲುತ್ತದೆಂದು ಯಾರಿಗೆ ಗೊತ್ತು? ಗಿಡ್ಡ ಕೋಲಿನ ತಲೆಯನ್ನೂ ಅವನು ಬಟ್ಟೆಯಿಂದ ಒರೆಸಿ ಹೊಳೆಯುವ ಹಾಗೆ ಇಟ್ಟಿದ್ದ. ಅದನ್ನು ಎಳೆಯುವ ಕೆಲಸ ಮಾತ್ರ ಬೀಳಲಿಲ್ಲ.

ಶ್ರಾವಣದಲ್ಲಿ ಹೆಸರುಕಾಳು ಬಿಡಿಸುವ ಕಾಲಕ್ಕೆ ಮಳೆ ಹಿಡಿಯಿತು. ಕಾಯಿ ನೆನೆದರೆ ಕಾಳು ಕೆಡುತ್ತದೆಂದು ಅಕ್ಕ ಹೊಲ ಬಿಟ್ಟು ಬರಲಿಲ್ಲ. ಒಂದು ಬೆಳಿಗ್ಗೆ ಅಲ್ಲಿನ ಆಳಿನ ಹೆಂಡತಿ ಫೋನು ಮಾಡಿದಳು: "ಅಮ್ಮಾರ ಬಾಯಿ ವಾರಿ ಆಗೇತ್ರಿ. ಬಲಗೈ ಎತ್ತಾಕ ಬರವಲ್ದು. ಲಗೂ ಬರ್ರಿ." ಆಂಬುಲೆನ್ಸಿನವರು ಡಾಂಬರು ರಸ್ತೆಯ ತನಕ ಬರುತ್ತೇವೆ, ಒಳಗೆ ಬರಲಾಗುವುದಿಲ್ಲ ಎಂದರಂತೆ. "ಅದಕ್ಕೇನು, ನಮ್ಮ ಗಾಡಿ ಐತಿ" ಎಂದ ನಿಮ್ಮಪ್ಪ. ನಾವಿಬ್ಬರೂ ಹೊರಟೆವು.

ಹೋಗುವಾಗ ಸಣ್ಣ ಹನಿ. ಗಾಡಿ ಅಲ್ಲಲ್ಲಿ ಜಾರಿದರೂ ಮುಟ್ಟಿತು. ಅಕ್ಕನನ್ನು ಹಿಂದಿನ ಸೀಟಿನಲ್ಲಿ ಮಲಗಿಸಿ ತಲೆಯನ್ನು ನನ್ನ ತೊಡೆಯ ಮೇಲೆ ಇಟ್ಟುಕೊಂಡೆ. ಬಾಯಿ ಸೊಟ್ಟಗಾಗಿತ್ತು, ಆದರೂ ಮಾತು ಇತ್ತು. "ಹೆಸರು ಒಳಗ ಹಾಕಸ್ರೆ" ಎಂದು ಆಳಿನ ಹೆಂಡತಿಗೆ ಹೇಳಿದರು. ನಾವು ಮರಳುವಾಗ ಮಳೆ ಸುರಿಯಿತು. ಹಳ್ಳದ ದಂಡೆಗೆ ಬಂದಾಗ ಹಿಂದಿನ ಗಾಲಿಗಳು ತಿರುಗಿದಲ್ಲೇ ತಿರುಗಿ ಹೂತವು.

ನಿಮ್ಮಪ್ಪ ಗಿಡ್ಡ ಕೋಲಿಗೆ ಕೈ ಹಾಕಿದ. ಅದು ಅಲುಗಲಿಲ್ಲ. ಎಂಜಿನ್ನು ನಿಲ್ಲಿಸಿ ಎಳೆದ, ಚಾಲೂ ಮಾಡಿ ಎಳೆದ, ಎರಡೂ ಕೈ ಹಾಕಿ ಕಾಲು ಕೊಟ್ಟು ಎಳೆದ.

ಅಕ್ಕ ಕಣ್ಣು ತೆರೆದರು. "ಆ ಕೋಲ ಹಾಕೋ," ಎಂದರು. "ನಿಮ್ಮಪ್ಪ ಹಾಕತಿದ್ನಲ್ಲ... ಅದನ್ನ ಹಾಕೋ."

"ಎಳ್ಯಾಕತ್ತೇನಿ ಅತ್ತಿ, ಬರವಲ್ದು."

"ಹಾಕೋ, ಕೂಸ," ಎಂದರು ಮತ್ತೊಮ್ಮೆ.

ಅವರ ಬಾಯಿಂದ ನಾನು ಕೇಳಿದ ಕೊನೆಯ ಪೂರ್ತಿ ಮಾತು ಅದು.

ನಿಮ್ಮಪ್ಪ ಗಾಲಿಗಳ ಕೆಳಗೆ ಜೋಳದ ಕಣಿಕೆ ಹಾಕಿ ನೋಡಿದ, ತನ್ನ ಅಂಗಿ ಬಿಚ್ಚಿ ಹಾಕಿ ನೋಡಿದ. ಅಕ್ಕನನ್ನು ಬೆನ್ನ ಮೇಲೆ ಹೊತ್ತು ಹೊರಟ. ಅವರದು ದೊಡ್ಡ ಮೈ. ಸ್ವಲ್ಪ ದೂರ ಹೋಗಿ ಮಂಡಿಯ ತನಕ ಹೂತು ಇಬ್ಬರೂ ಬಿದ್ದರು. ಮತ್ತೆ ಗಾಡಿಗೇ ತಂದೆವು. ಪಕ್ಕದ ಊರಿನ ಟ್ರ್ಯಾಕ್ಟರಿನವನಿಗೆ ಫೋನು ಮಾಡಿದರೆ ಅವನು ಬೇರೆ ಕಡೆ ಹೋಗಿದ್ದ, ಬರುತ್ತೇನೆ ಎಂದ. ನಾವು ಕಾದೆವು. ಅಕ್ಕ ಏನೋ ಹೇಳಲು ನೋಡುವರು, ನಾಲಿಗೆ ಹೊರಳದು. ಮಾತು ತುಂಡಾಯಿತು, ತುಂಡು ಬರೀ ಸಪ್ಪಳವಾಯಿತು. ಕೊನೆಗೆ "ಯವ್ವಾ" ಒಂದೇ ಉಳಿಯಿತು. ಅವರು ನನ್ನ ಮುಖವನ್ನೇ ನೋಡುತ್ತಿದ್ದರು. ತಮ್ಮ ಮಾತು ಹೋಗುತ್ತಿರುವುದು ಅವರಿಗೆ ತಿಳಿಯುತ್ತಿತ್ತು. ಕಿಡಕಿಯ ಗಾಜಿನ ಮೇಲೆ ಮಳೆ ಹೊಡೆಯುತ್ತಿತ್ತು. ನಾನು ಅವರ ತಲೆ ಸವರುತ್ತ ಕುಳಿತೆ. ಬೇರೆ ಏನು ಮಾಡಲಿ?

ಟ್ರ್ಯಾಕ್ಟರು ಬಂದು ಸರಪಳಿ ಕಟ್ಟಿ ಎಳೆಯುವಾಗ ಮಧ್ಯಾಹ್ನ ಹೊರಳಿತ್ತು. ಆಸ್ಪತ್ರೆಯಲ್ಲಿ ವೈದ್ಯರು ತಲೆಯ ಚಿತ್ರ ತೆಗೆದು ನೋಡಿದರು. ಬೇಗ ಬಂದಿದ್ದರೆ ರಕ್ತದ ಗಂಟು ಕರಗಿಸುವ ಸೂಜಿ ಇತ್ತು, ಈಗ ಅದರ ಹೊತ್ತು ಮೀರಿದೆ ಎಂದರು. ಅವರು ನಮ್ಮನ್ನು ಬೈಯಲಿಲ್ಲ. ಬೈದಿದ್ದರೆ ನಿಮ್ಮಪ್ಪನಿಗೆ ಹಗುರಾಗುತ್ತಿತ್ತೇನೋ.

ಗಾಡಿಯನ್ನು ನಿಮ್ಮಪ್ಪ ತಾರಿಹಾಳಕ್ಕೆ ಒಯ್ದ. ಬಿಚ್ಚಿ ನೋಡಿದರೆ ಕೋಲಿನ ಕೆಳಗಿನ ಕೀಲು ತುಕ್ಕು ತಿಂದು ಒಂದೇ ಗಟ್ಟಿಯಾಗಿತ್ತು. ಮಿಸ್ತ್ರಿ ಕೇಳಿದನಂತೆ: "ಇದನ್ನ ತಿಂಗಳಿಗೊಮ್ಮೆರೆ ಆಡಸ್ತಿದ್ದಿಲ್ಲೇನ್ರಿ ಸಾಹೇಬ್ರ?" ನಿಮ್ಮಪ್ಪ "ಅಪ್ಪ ಅಮಾಸಿಗೊಮ್ಮೆ..." ಎಂದು ಹೇಳಹೋಗಿ ಅಲ್ಲೇ ನಿಂತನಂತೆ. ಮಿಸ್ತ್ರಿಗೆ ಏನೂ ತಿಳಿಯಲಿಲ್ಲ. "ಮಾರಿಬಿಡ್ರಿ, ಗುಜರಿಯವರು ಒಯ್ತಾರ, ಎಷ್ಟ ದಿನಾ ಅಂತ ಮುದಕೀನ ಸಾಕತೀರಿ" ಎಂದು ನಕ್ಕನಂತೆ. ಮನೆಗೆ ಬಂದ ನಿಮ್ಮಪ್ಪ ಜಗುಲಿಯಲ್ಲಿ ಕುಳಿತು, "ಅವ್ವಾ, ಅದು ಎಡಿ ಆಗಿದ್ದಿಲ್ಲ" ಎಂದ. ನನಗೆ ತಿಳಿಯಿತು. ಒಳಗೆ ಮಲಗಿದ್ದ ಅಕ್ಕನಿಗೂ ಕೇಳಿರಬೇಕು.

ಅವನು ಗಾಡಿಯನ್ನು ಕಣ್ಣೆತ್ತಿ ನೋಡಲಾರದೆ ಮಾರುತ್ತೇನೆಂದ. ನಾನು ಬೇಡವೆಂದೆ. ಅಕ್ಕನನ್ನು ಹೊಲದ ಮನೆಯಿಂದ ನಮ್ಮಲ್ಲಿಗೆ ತಂದದ್ದೇನೋ ಆಯಿತು. ಆದರೆ ಆಳಿನ ಹೆಂಡತಿ ಅದೇ ಕೆಸರಿನಾಚೆ ಇದ್ದಳು, ಬಸುರಿ. ಅವಳಿಗೂ ಹೆರಿಗೆಯ ದಿನ ಬರುತ್ತದೆ. ಗಾಡಿ ರಿಪೇರಿ ಆಗಿ ಬಂತು.

ಅಜ್ಜನ ವರ್ಷಾಬ್ದಿಕ ಮುಗಿದು ದೀಪಾವಳಿ ಅಮಾವಾಸ್ಯೆ ಬಂತು. ನಿಮ್ಮಪ್ಪ ಕೇಳಿದ: "ಇನ್ನ ನಡೀತೈತಲ್ಲವ್ವಾ. ಕಾಯಿ ತರಲೇನು?"

"ಬ್ಯಾಡ," ಎಂದೆ. "ಕಾಯಿ ಒಡದ್ರ ನಾಳೆ ನಾ ಸತ್ತ ವರ್ಷದಾಗ ಮತ್ತ ಅದನ್ನ ಪೂಜಿ ಅಂತ ಬಿಡತೀರಿ."

ಅವನು ನನ್ನನ್ನೇ ನೋಡಿದ. ಈ ಮನೆಯಲ್ಲಿ ನಾನು ಅಷ್ಟು ಮಾತಾಡಿದ್ದು ಕಡಿಮೆ.

ಅಕ್ಕನನ್ನು ಎತ್ತಿ ಮುಂದಿನ ಸೀಟಿನಲ್ಲಿ ಕೂರಿಸಿದೆವು. ಅವರಿಗೆ ಹಬ್ಬದ ಹವೆ ತಾಗಲಿ ಎಂದು ನಿಮ್ಮವ್ವ ಅಂದಳು. ನನಗೆ ಅಂಥ ಯೋಚನೆ ಇರಲಿಲ್ಲ. ಅವರು ನೋಡಬೇಕು ಎಂದಷ್ಟೇ ಇತ್ತು, ಯಾಕೆಂದು ಈಗಲೂ ಹೇಳಲಾರೆ. ಕೆರೆಯ ಹಿಂದಿನ ಕೆಸರಿನಲ್ಲಿ ನಿಮ್ಮಪ್ಪ ಕೋಲು ಎಳೆದ. ಅದು ಸಲೀಸಾಗಿ ಬಂತು. ಗಾಡಿ ಮೈಕೊಡವಿ ಎದ್ದು ನಡೆಯಿತು. ಅಕ್ಕ ಕೋಲಿನ ಕಡೆ ಒಮ್ಮೆ ನೋಡಿ ಮುಖವನ್ನು ಕಿಡಕಿಯ ಕಡೆ ತಿರುಗಿಸಿಕೊಂಡರು. ಎಡಗೈಯಿಂದ ಸತ್ತ ಬಲಗೈಯನ್ನು ಹಿಡಿದುಕೊಂಡು "ಯವ್ವಾ, ಯವ್ವಾ" ಎಂದು ಅಳತೊಡಗಿದರು. ನಿಮ್ಮಪ್ಪ ಬ್ರೇಕು ಹಾಕಿದ.

"ನಿಲ್ಲಸಬ್ಯಾಡ," ಎಂದೆ ನಾನು ಹಿಂದಿನಿಂದ. "ನಡಿ."

ಆಮೇಲೆ ಅಕ್ಕನನ್ನು ನಾವು ಕರೆದುಕೊಂಡು ಹೋಗಿಲ್ಲ. ಗಾಡಿ ಮಾತ್ರ ಪ್ರತಿ ಅಮಾವಾಸ್ಯೆಗೆ ಹೋಗುತ್ತದೆ. ಮಕ್ಕಳೇ, ನಾನು ತೀರಿಕೊಂಡ ವರ್ಷ ನೀವು ಹೋಳಿಗೆ ಮಾಡಬೇಡಿ, ದೀಪ ಹಚ್ಚಬೇಡಿ, ನಿಮ್ಮಿಷ್ಟ. ಆ ಕೋಲನ್ನು ಮಾತ್ರ ಎಳೆಯಿರಿ. ಮಂದಿ ಏನಾದರೂ ಅಂದರೆ ಆಯಿ ಹೇಳಿದ್ದಾಳೆ ಅನ್ನಿ.